ಚಿತ್ರಶಾಲೆಯ ಹೊಗೆಗೂಡು

ಸವಣೂರಿನ ಚಿತ್ರಕಲಾ ಶಾಲೆಗೆ ಕೆಲಸದ ಕಟ್ಟಡವೊಂದನ್ನು ಕಟ್ಟಿಸಿಕೊಡಲು ಊರ ವ್ಯಾಪಾರಸ್ಥರು ಒಪ್ಪಿದಾಗ, ನಕ್ಷೆ ಹಾಕುವ ಜವಾಬ್ದಾರಿ ನನ್ನ ಗಂಡನ ಹೆಗಲಿಗೆ ಬಿತ್ತು. ಡ್ರಾಯಿಂಗ್ ಮಾಸ್ತರರಲ್ಲವೇ. ದೊಡ್ಡ ಯುದ್ಧ ಶುರುವಾಗುವ ಮೊದಲಿನ ಮಾತು. ಅಂದಿನಿಂದ ಅವರಿಗೆ ಊಟ ನಿದ್ದೆ ಬೇಡವಾಯಿತು.

ಚಿತ್ರ ಬರೆಯುವ ಕೋಣೆಗೆ ಉತ್ತರದ ಕಿಟಕಿಗಳೇ ಬೇಕು. ನೇರ ಬಿಸಿಲಿಗೆ ಬಣ್ಣ ತಪ್ಪಾಗಿ ಕಾಣುತ್ತದಂತೆ. ಮಣ್ಣಿನ ಮೂರ್ತಿಗಳ ಕೋಣೆಗೆ ಗಾಳಿ ನುಗ್ಗಬಾರದು, ಮೂರ್ತಿ ಬಿರುಕು ಬಿಡುತ್ತದೆ. ನೂಲಿನ ಬಣ್ಣ ಕಾಯಿಸುವ ಒಲೆಯ ಮೇಲೆ ಎತ್ತರದ ಹೊಗೆಗೂಡು, ಹುಡುಗರ ಕಣ್ಣು ಕೆಡಬಾರದಲ್ಲ. ಬಣ್ಣದ ನೀರು ಪಕ್ಕದ ಎಲೆಬಳ್ಳಿ ತೋಟಕ್ಕೆ ಹರಿಯದಂತೆ ಫರಸಿಕಲ್ಲಿನ ಗಟಾರು. ಇದನ್ನೆಲ್ಲ ಅವರು ಅಡಿಗೆಮನೆಯ ಹೊರಗೆ ಕುಳಿತು ನನಗೆ ವಿವರಿಸುತ್ತಿದ್ದರು. ಒಳಗೆ ಬಂದರೆ ಹೊಗೆಗೆ ಕೆಮ್ಮು ಬರುತ್ತದೆ ಎನ್ನುತ್ತಿದ್ದರು.

ನಾನು ಒಳಗೆ ಕಣ್ಣೊರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದೆ. ಅಲ್ಲಿ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿದ್ದ ಒಂದು ಬೆಳಕಿಂಡಿಯನ್ನೂ ಸೋರುತ್ತದೆಂದು ಯಾವಾಗಲೋ ಮುಚ್ಚಿದ್ದರು. ಆ ಹೊಗೆಯಲ್ಲೇ ಬೇಯಿಸುತ್ತ ಬೇಯಿಸುತ್ತ ನಮ್ಮ ಅತ್ತೆಯ ಕಣ್ಣು ಹೋಗಿತ್ತು. ನನಗೂ ಸಂಜೆಯ ದೀಪ ಮಂಜಾಗಿ ಕಾಣಲು ಶುರುವಾದಾಗ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಅತ್ತೆಗೆ ಹೇಳಿದೆ.

"ಒಲಿ ಮುಂದ ಕುಂತಾಕಿಗೆ ಹೊಗಿ ಹತ್ತದ ಇರ್ತದೇನವಾ? ನಮ್ಮ ಹಣೇಬರಾನ ಅದು," ಎಂದರು.

ಗಂಡನಿಗೆ ಹೇಳಿದೆ. "ಶಾಲಿ ಕೆಲಸ ಮುಗೀಲಿ, ನೋಡೂಣು," ಎಂದರು.

ಶಾಲೆಯ ಕೆಲಸ ಮುಗಿಯಿತು. ಅವರೇನೂ ನೋಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಒಂದು ಬೆಳಿಗ್ಗೆ ಹಿಟ್ಟಿನ ಬುಟ್ಟಿ, ಹಂಚು ಹೊತ್ತುಕೊಂಡು ಶಾಲೆಗೇ ಹೋಗಿ, ಬಣ್ಣ ಕಾಯಿಸುವ ಒಲೆ ಹೊತ್ತಿಸಿ ರೊಟ್ಟಿ ಬಡಿಯಲು ಕುಳಿತೆ. ಹೊಗೆಯು, ಹೇಳಿದ ಮಾತು ಕೇಳುವ ಸೊಸೆಯ ಹಾಗೆ, ಸೀದಾ ಗೂಡು ಹಿಡಿದು ಹೋಯಿತು. ಹುಡುಗರು ಬಾಗಿಲಲ್ಲಿ ಗುಂಪುಗೂಡಿದರು. ಗಂಡ ಓಡಿ ಬಂದರು.

"ಏನಿದು? ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ ಬಿಡ್ರಿ. ಹೊಗಿಗೂಡು ಭಾಳ ಚೊಲೊ ಕಟ್ಟಿಸೀರಿ. ಹುಡುಗರಿಗೆ ಇದ್ದಂಗ ನನಗೂ ಎರಡು ಕಣ್ಣು ಅದಾವ್ರಿ."

ಬಿಸಿ ರೊಟ್ಟಿ ಅವರ ಕೈಗಿಟ್ಟೆ, ನಿಂತೇ ತಿಂದರು.

ಮುಂದಿನ ಸಂತೆ ಬರುವುದರೊಳಗೆ ನಮ್ಮ ಮನೆಗೂ ಗೌಂಡಿ ಬಂದ. ಗೋಡೆ ಒಡೆದು ಕಿಟಕಿ ಇಟ್ಟ, ಒಲೆಯ ಮೇಲೆ ಗೂಡು ಕಟ್ಟಿದ. ದೊಡ್ಡ ಕೆಲಸವೇನಲ್ಲ.

ಹೊಸ ಒಲೆ ಹಚ್ಚಿದ ದಿನ ಅತ್ತೆ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕುಳಿತರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೂ ಒಲಿ ಹಚ್ಚಿಲ್ಲೇನ?" ಎಂದರು.

"ಹಚ್ಚೇನ್ರಿ ಅತ್ತಿ. ರೊಟ್ಟಿ ಮುಗಿಯಾಕ ಬಂದಾವು."

ನಂಬದೆ ಕೈ ಚಾಚಿದರು. ಬೆಂಕಿಯ ಕಾವು ತಾಗಿತು. ಮುಖವನ್ನು ಒಲೆಯ ಹತ್ತಿರ ತಂದು ಜೋರಾಗಿ ಉಸಿರೆಳೆದು ನೋಡಿದರು. ಕೆಮ್ಮು ಬರಲಿಲ್ಲ.

"ಇಷ್ಟ ಮಾಡಿದ್ರ ಸಾಕಾಗಿತ್ತೇನ?" ಎಂದು ಕೇಳಿದರು.

ನಾನೂ ಅವರ ಮಗನೂ ಅಲ್ಲೇ ಇದ್ದೆವು. ನಾನು ಕೊನೆಯ ರೊಟ್ಟಿಯನ್ನು ಹಂಚಿನಿಂದ ತೆಗೆದು ಅತ್ತೆಯ ಕೈಗಿಟ್ಟೆ.