ಮೆಟ್ಟಿಲ ಮೇಲೆ ಸುರಿದ ನೀರು

ಐರ್ಲೆಂಡಿನ ಡ್ರೋಹೆಡಾದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಯಜಮಾನರ ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಪ್ರಾಯದಲ್ಲಿ ಗೇಲಿಕ್ ಫುಟ್‌ಬಾಲ್ ಆಡುವಾಗ ಮುರಿದದ್ದಂತೆ. ಮರುವಾರವೂ ಪಂದ್ಯವಿದ್ದುದರಿಂದ ಕಟ್ಟು ಹಾಕಿಸಿಕೊಳ್ಳಲಿಲ್ಲವಂತೆ. ಅದು ಚೆಂಡನ್ನು ಕೈಯಲ್ಲಿ ಹಿಡಿದೂ ಕಾಲಲ್ಲಿ ಒದ್ದೂ ಆಡುವ ಆಟ. ಆಡುವ ವಯಸ್ಸು ದಾಟಿದ ಮೇಲೆ ಅವರು ಊರಿನ ಕ್ಲಬ್ಬಿನ ಕಾರ್ಯದರ್ಶಿಯಾದರು. ಸಂಬಳವಿಲ್ಲದ ಕೆಲಸ. ಮೈದಾನಕ್ಕೆ ಬಿಳಿ ಗೆರೆ ಎಳೆಯುವುದು, ಪಂದ್ಯಗಳ ಪಟ್ಟಿ ಬರೆಯುವುದು, ಆಟಗಾರರಿಗಿಂತ ಜೋರಾಗಿ ಜಗಳವಾಡುವ ತಂದೆಯರನ್ನು ಸಮಾಧಾನ ಮಾಡುವುದು, ಎಲ್ಲ ಅವರದೇ. ಕೆಸರಾದ ಜೆರ್ಸಿಗಳನ್ನು ಅವರ ಹೆಂಡತಿ ಮನೆಯಲ್ಲೇ ಒಗೆಯುತ್ತಿದ್ದರು.

ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳನ್ನು ಹುಡುಗಿಯರ ತಂಡಕ್ಕೆ ಸೇರಿಸಿಕೊಂಡವರು ಅವರೇ. ಅವಳ ಉದ್ದನೆಯ ಹೆಸರನ್ನು ಸರಿಯಾಗಿ ಹೇಳಲು ಬರುವ ತನಕ ಪುಸ್ತಕದಲ್ಲಿ ಬರೆಯಲೊಪ್ಪಲಿಲ್ಲ.

ಕೊರೊನಾ ಬಂದು ಮೈದಾನಕ್ಕೆ ಬೀಗ ಬಿದ್ದಾಗ ಕ್ಲಬ್ಬಿನವರು ವಯಸ್ಸಾದವರ ಮನೆಗಳಿಗೆ ದಿನಸಿ ತಲುಪಿಸತೊಡಗಿದರು. ನಿಮ್ಮಮ್ಮ ಆಸ್ಪತ್ರೆಯ ಡ್ಯೂಟಿಯಲ್ಲೇ ಇರುತ್ತಿದ್ದಳು. ನಮ್ಮ ಮನೆಗೆ ಅವರೇ ತಂದುಕೊಡುತ್ತಿದ್ದರು. ಚೀಲವನ್ನು ಮೆಟ್ಟಿಲ ಮೇಲಿಟ್ಟು, ಗೇಟಿನ ತನಕ ಹಿಂದೆ ಸರಿದು, "ಆರ್ ಯು ಗ್ರ್ಯಾಂಡ್ ಇನ್ ದೇರ್, ಮಿಸೆಸ್?" ಎಂದು ಕೂಗಿ ಕ್ಷೇಮ ಕೇಳುತ್ತಿದ್ದರು. ನಾನು ಕಿಟಕಿಯ ಒಳಗಿನಿಂದ ಕೈ ಮುಗಿಯುತ್ತಿದ್ದೆ. ನಮ್ಮ ನಡುವೆ ನಡೆದ ಮಾತು ಅಷ್ಟೇ.

ಮುಂದಿನ ಚಳಿಗಾಲದಲ್ಲಿ ಅವರು ತೀರಿಕೊಂಡರು. ಚರ್ಚಿನೊಳಗೆ ಕೆಲವರಿಗೆ ಮಾತ್ರ ಅವಕಾಶವಿತ್ತು. ಮಿಕ್ಕವರೆಲ್ಲ ಕ್ಲಬ್ಬಿನ ಜೆರ್ಸಿ ತೊಟ್ಟು, ದೂರ ದೂರ ನಿಂತು, ನಮ್ಮ ಬೀದಿಯ ಎರಡೂ ಬದಿ ಸಾಲುಗಟ್ಟಿದರು. ದೊಡ್ಡವಳೂ ಜೆರ್ಸಿ ಹಾಕಿಕೊಂಡು ಬಾಗಿಲಿಗೆ ಬಂದಳು.

"ಒಳಗ್ ಬಾ ಪುಟ್ಟಿ. ಹೆಣ ಹೋಗೋ ಹೊತ್ನಲ್ಲಿ ಬಾಗ್ಲಲ್ಲಿ ನಿಲ್ಬಾರ್ದು."

"ಅಜ್ಜೀ, ಎವ್ರಿಒನ್ ಈಸ್ ಔಟ್! ನನ್ನ ಟೀಮ್ ಕೂಡ!"

"ಹೇಳಿದ್ ಕೇಳು."

ಬಾಗಿಲು ಹಾಕಿ ಪರದೆ ಎಳೆದೆ. ನಮ್ಮೂರಿನಲ್ಲಿ ಚಟ್ಟ ಬೀದಿ ದಾಟುವ ತನಕ ಬಾಗಿಲು ತೆರೆಯುವುದಿಲ್ಲ; ದಾಟಿದ ಮೇಲೆ ಹೊಸಿಲ ಮುಂದೆ ನೀರು ಹಾಕುತ್ತಾರೆ, ಮೈಲಿಗೆ ಕಳೆಯಲೆಂದು. ಮುಖ ಊದಿಸಿಕೊಂಡು ಕೂತವಳಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಶವದ ಕಾರಿನ ಸದ್ದು ಹತ್ತಿರವಾಯಿತು, ಆಮೇಲೆ ಕೇಳದಾಯಿತು. ಹೋಯಿತೆಂದುಕೊಂಡು ಬಾಗಿಲು ತೆರೆದು ಬಕೆಟ್ಟಿನ ನೀರನ್ನು ಮೆಟ್ಟಿಲ ಮೇಲೆ ಸುರಿದೆ.

ಕಾರು ಹೋಗಿರಲಿಲ್ಲ. ಇಲ್ಲಿಯವರು ಶವದ ಕಾರನ್ನು ತೀರಿಕೊಂಡವರ ಮನೆಯೆದುರು ಒಂದು ನಿಮಿಷ ನಿಲ್ಲಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬೀದಿಗೆ ಬೀದಿಯೇ ತಲೆ ತಗ್ಗಿಸಿ ನಿಂತಿತ್ತು. ನೀರು ಬಿದ್ದ ಸದ್ದಿಗೆ ಅವರ ಹೆಂಡತಿ ತಿರುಗಿ ನೋಡಿದರು.

ಹದಿನೈದು ದಿನ ನಾನು ಕಿಟಕಿಯ ಹತ್ತಿರ ಹೋಗಲಿಲ್ಲ. ಒಂದು ಮಧ್ಯಾಹ್ನ ಆಕೆಯೇ ದಿನಸಿ ಚೀಲ ಹಿಡಿದು ಬಂದರು. ಗಂಡನ ಕೆಲಸವನ್ನು ತಾವು ವಹಿಸಿಕೊಂಡಿದ್ದರು. ಗೇಟಿನಲ್ಲಿ ನಿಂತು ಏನೋ ಕೇಳಿದರು. ದೊಡ್ಡವಳು ನನಗೆ ತಿಳಿಸಿದಳು.

"ಡೋರ್ ಮುಚ್ಚಿದ್ದು ಓಕೆ ಅಂತೆ ಅಜ್ಜಿ. ಫ್ಯೂನರಲ್ ಹೋಗೋವಾಗ ಅವ್ರ ಮಮ್ಮಿನೂ ಕರ್ಟನ್ ಎಳೀತಿದ್ರಂತೆ, ರೆಸ್ಪೆಕ್ಟ್‌ಗೆ. ಬಟ್ ಆ ನೀರು? ಚರ್ಚಲ್ಲಿ ಹೋಲಿ ವಾಟರ್ ಹಾಕ್ತಾರಲ್ಲ, ಹಂಗೆ ಬ್ಲೆಸ್ಸಿಂಗಾ ಅಂತ ಕೇಳ್ತಿದ್ದಾರೆ."

ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೂಂ ಅನ್ನು," ಎಂದೆ.

ದೊಡ್ಡವಳಿಗೆ ನಿಜ ಗೊತ್ತಿತ್ತು. ನನ್ನನ್ನೊಮ್ಮೆ ನೋಡಿ, ಅತ್ತ ತಿರುಗಿ, "ಯೆಸ್, ಇಟ್ ವಾಸ್," ಎಂದಳು. ಆಕೆ ಕಣ್ಣೊರೆಸಿಕೊಂಡರು. ಗಂಡ ಇದ್ದಿದ್ದರೆ ಅವರಿಗೆ ಅದು ಬಹಳ ಇಷ್ಟವಾಗುತ್ತಿತ್ತಂತೆ.

ನಮಗೆ ಅನ್ನಕ್ಕೆ ಅಕ್ಕಿ ತಂದಿಟ್ಟವರನ್ನು ಮೈಲಿಗೆಯೆಂದು ತೊಳೆದುಕೊಂಡೆ. ಆಮೇಲೆ ಅದನ್ನೇ ಆಶೀರ್ವಾದವೆಂದು ನಂಬಿಸಿದೆ, ಅದೂ ಮಗುವಿನ ಬಾಯಿಂದ. ಈಗ ನಿಜ ಹೇಳಿದರೆ ನನಗೆ ಹಗುರಾದೀತು, ಆಕೆಗಿರುವ ಸಮಾಧಾನ ಹೋದೀತು. ಆಕೆಗೆ ಹೇಳುವುದಿಲ್ಲ. ಆದರೆ ದೊಡ್ಡವಳು ಆ ಸುಳ್ಳನ್ನು ತನ್ನದೆಂದುಕೊಳ್ಳಬಾರದು, ಅದಕ್ಕೇ ನಿಮಗೆ ಇದನ್ನು ಹೇಳುತ್ತಿದ್ದೇನೆ. ಅದು ನನ್ನದು.