ಉಪ್ಪು ಇಳಿಯದ ಚೌಕಗಳು

ಕಿಟಕಿಯಾಚೆ ಬೆಳಕು ಇನ್ನೂ ಬೂದುಬಣ್ಣದ್ದು. ಐದನೆಯ ಅಂತಸ್ತಿನ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ಪರದೆ ಉರಿಯುತ್ತಿದೆ. ಅದರೆದುರಿನ ಮಹಿಳೆ, ನೋಯುವ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು, ಬೀಗದ ಗುರುತಿರುವ ಚೌಕವೊಂದನ್ನು ಒತ್ತಿ ‘ಉಪ್ಪು’ ಎಂದು ಬರೆಯಲೆತ್ನಿಸುತ್ತಾರೆ. ಅಕ್ಷರ ಮೂಡುವುದಿಲ್ಲ. ಚೌಕವನ್ನು ಎಳೆದು ನೋಡುತ್ತಾರೆ, ಅಳಿಸಿ ನೋಡುತ್ತಾರೆ. ಅದು ಜಗ್ಗುವುದಿಲ್ಲ. ಮುಂದಿನ ಚೌಕ, ಮತ್ತೆ ‘ಉಪ್ಪು’. ಏನೂ ಆಗದಿರುವುದೇ ಈ ಕರ್ಮದ ಫಲ.

ಲಿಫ್ಟಿನಂಥ ಯಂತ್ರಗಳ ತಂತ್ರಾಂಶವನ್ನು ಬರೆಯುವ ಮುನ್ನ ಅದರ ರಚನೆಯನ್ನು ಚೌಕ, ಗೆರೆಗಳಲ್ಲಿ ಚಿತ್ರಿಸಿಕೊಳ್ಳುವ ಸಾಧನವನ್ನು ಈ ಕಚೇರಿ ತಯಾರಿಸುತ್ತದೆ. ಚಿತ್ರದ ಕೆಲವು ಚೌಕಗಳು ಬೇರೊಂದು ತಂಡದ ಸ್ವತ್ತು: ನೋಡಬಹುದು, ಬಳಸಬಹುದು, ತಿದ್ದಲಾಗದು. ಮೂಲವನ್ನು ನಡುವೆ ಇರಿಸಿ ವ್ಯಾಖ್ಯಾನವನ್ನು ಅಂಚಿನಲ್ಲಿ ಬರೆದ ಪೂರ್ವಸೂರಿಗಳ ಶಿಸ್ತೇ ಇದು. ಆ ಮೂಲಕ್ಕೆ ಯಾರ ಕೈಯೂ ಸೋಕದಂತೆ ಕಾಯುವ ಈಕೆಯನ್ನು ಸಹೋದ್ಯೋಗಿಗಳು ‘ಬೀಗದಕ್ಕ’ ಎನ್ನುತ್ತಾರೆ.

ಉಪ್ಪೇ ಏಕೆ? ಬೀಗದಕ್ಕ ಹೇಳುತ್ತಾರೆ: “ಬೇರೆ ಮಾತು ಹಾಕಿದ್ರೆ ಚಿತ್ರದೊಳಗೆ ಬೆರ್ತು ಹೋಗುತ್ತೆ. ಲಿಫ್ಟಿನ ಚಿತ್ರದಲ್ಲಿ ಉಪ್ಪು ಕಂಡ್ರೆ, ಬೀಗ ಸೋರ್ತಿದೆ ಅಂತ ಕುರುಡನಿಗೂ ತಿಳಿಯುತ್ತೆ.”

ಹನ್ನೊಂದು ವರ್ಷಗಳಿಂದ ಇದೇ ಕುರ್ಚಿ. ಎಲ್ಲರೂ ಬಂದ ಮೇಲೆ ಪರೀಕ್ಷೆಯ ಯಂತ್ರ ಆಮೆಯಾಗುವುದರಿಂದ ನಸುಕಿನಲ್ಲೇ ಬರಬೇಕು. ಪತಿ ರಾತ್ರಿಪಾಳಿಯ ಬಸ್ ಚಾಲಕ. ಮನೆಯ ಕೀಲಿಕೈ ಮೆಟ್ಟಿಲ ಮೇಲೆ ಕೈ ಬದಲಾಗುತ್ತದೆ, ದಾಂಪತ್ಯದ ಮಾತೂ ಬಹುಪಾಲು ಅಲ್ಲಿಯೇ. ಅತ್ತೆಯಂತೂ ನೆರೆಯವರೆದುರು ನಗುತ್ತಾರೆ: “ಕೆಲಸ ಮಾಡದ ಗುಂಡಿ ಒತ್ತೋದೇ ನನ್ನ ಸೊಸೆ ಕೆಲಸ. ಏನಾದ್ರೂ ಆಗಿಬಿಟ್ರೆ ಬೈಗುಳ.”

ಇಂದು ಸಂಜೆ ಸಾಧನದ ಹೊಸ ಆವೃತ್ತಿ ಗ್ರಾಹಕರ ಕೈಸೇರಬೇಕು. ಬೀಗದಕ್ಕನ ಬೆರಳು ಪರದೆಯ ಬಲಬದಿಯಲ್ಲಿ ಚೌಕದ ವಿವರ ತೋರಿಸುವ ಫಲಕಕ್ಕೆ ಬಂದು ನಿಲ್ಲುತ್ತದೆ. ಅಲ್ಲಿ ‘ಉಪ್ಪು’ ಮೂಡಿದೆ. ಚಿತ್ರವನ್ನು ಮುಚ್ಚಿ ತೆರೆದರೆ ಹಳೆಯ ಬರಹವೇ ಮರಳಿದೆ.

ಕಾಫಿಲೋಟ ಹಿಡಿದೇ ಬಂದ ತಂಡದ ಮುಖ್ಯಸ್ಥರು ಬಾಗಿ ನೋಡುತ್ತಾರೆ. “ಬೀಗದಕ್ಕಾ, ಒಳಗೇನೂ ಬದಲಾಗಿಲ್ವಲ್ಲ. ಮತ್ಯಾಕೆ ತಲೆ ತಿಂತೀರಿ?”

“ಬೀಗ ಭದ್ರ ಸರ್. ಆದ್ರೆ ಬರೆದವರ ಕಣ್ಣಿಗೆ ಬದಲಾಯ್ತು ಅಂತ ಕಾಣುತ್ತೆ. ನಂಬ್ಕೊಂಡು ಎದ್ದು ಹೋಗ್ತಾರೆ.”

“ಇಷ್ಟಕ್ಕೆ ಇವತ್ತಿನ ಬಿಡುಗಡೆ ನಿಲ್ಲಿಸ್ಲಾ?”

“ಫೋನ್ ಮಾಡಿದ್ದ ಆ ಯಜಮಾನ್ರು ನೆನಪಿದಾರಾ?”

ಮುಖ್ಯಸ್ಥರು ಲೋಟ ಕೆಳಗಿಡುತ್ತಾರೆ. ಹಿಂದಿನ ವರ್ಷ ವಯಸ್ಸಾದ ಎಂಜಿನಿಯರೊಬ್ಬರು ಲಿಫ್ಟಿನ ಬಾಗಿಲು ತೆರೆದಿರಬೇಕಾದ ಅವಧಿಯನ್ನು ಇಂಥದೇ ಜಾಗದಲ್ಲಿ ತಿದ್ದಿ, ತಿದ್ದಿದ್ದೇನೆಂದು ತಮ್ಮ ಕಚೇರಿಗೆ ಹೇಳಿದ್ದರು. ಎಲ್ಲರೆದುರು ತೆರೆದಾಗ ಹಳೆಯ ಅಂಕಿಯೇ ಕುಳಿತಿತ್ತು. ಆ ಕರೆಗೆ ಕಿವಿಗೊಟ್ಟವರು ಬೀಗದಕ್ಕ. “‘ಕಣ್ಣಾರೆ ನೋಡಿದ್ದೆ ಕಣಮ್ಮಾ, ಎಲ್ಲರೂ ಸುಳ್ಳ ಅಂತಿದಾರೆ’ ಅಂದ್ರು. ತಪ್ಪು ನಮ್ಮದು, ಸುಳ್ಳ ಅನ್ನಿಸ್ಕೊಂಡಿದ್ದು ಅವರು.” ಅಂದು ಒಂದೆಡೆ ಮುಚ್ಚಿದ ದೋಷ ಇಂದು ಇನ್ನೊಂದೆಡೆ ತಲೆ ಎತ್ತಿದೆ.

“ಮಧ್ಯಾಹ್ನ ಮೂರರವರೆಗೆ ಟೈಮ್,” ಎನ್ನುತ್ತಾರೆ ಮುಖ್ಯಸ್ಥರು. “ಆಮೇಲೆ ನನ್ನ ಕೈಲಿಲ್ಲ.”

ಊಟದ ಹೊತ್ತು ಮೀರಿದ ಮೇಲೆ, ದೋಷ ಸರಿಪಡಿಸುತ್ತಿದ್ದ ಪಕ್ಕದ ಮೇಜಿನ ಪ್ರೋಗ್ರಾಮರ್ ಕುರ್ಚಿ ಹಿಂದಕ್ಕೆ ದೂಡುತ್ತಾಳೆ. “ಈಗ ನೋಡಿ ಅಕ್ಕಾ. ನಿಮ್ಮ ಉಪ್ಪಿಗೆ ನನ್ನ ಊಟ ಹೋಯ್ತು.” ಬೀಗದಕ್ಕ ಅದೇ ಫಲಕದಲ್ಲಿ ಬರೆಯುತ್ತಾರೆ. ಮೊದಲ ಅಕ್ಷರವೂ ಮೂಡುವುದಿಲ್ಲ; ಬದಲಿಗೆ ಕಿರಿದಾದ ಸಾಲೊಂದು ಕಾಣಿಸುತ್ತದೆ: ‘ಇದು ಬೇರೆ ತಂಡದ್ದು. ತಿದ್ದಲು ಅವರನ್ನು ಕೇಳಿ.’

ಹಿಗ್ಗಲು ಪುರುಸೊತ್ತಿಲ್ಲ. ಇಲ್ಲಿ ಬಿಗಿದ ಬೀಗ ಇನ್ನೆಲ್ಲೋ ಸಡಿಲವಾಗಿರಬಹುದು. ಪಟ್ಟಿ ಬಿಚ್ಚಿ, ಇನ್ನಷ್ಟು ಬಿಗಿಯಾಗಿ ಸುತ್ತಿ, ಮತ್ತೆ ಮೊದಲ ಚೌಕದಿಂದ ‘ಉಪ್ಪು’.

ಆವೃತ್ತಿ ಹೊರಟಾಗ ದೀಪ ಹೊತ್ತಿಸುವ ಹೊತ್ತು. ಮನೆಯ ಮೆಟ್ಟಿಲಲ್ಲಿ ಉಸಿರು ಸುಧಾರಿಸಿಕೊಳ್ಳಲು ನಿಂತಾಗ, ಇನ್ನೇನು ಬಯಕೆ ಎಂದು ಕೇಳಿದರೆ ಬೀಗದಕ್ಕ ಹೇಳುತ್ತಾರೆ: “ಇದು ಆ ಯಜಮಾನ್ರಿಗೂ ಮುಟ್ಟಿದ್ರೆ ಸಾಕು. ಆಮೇಲೆ ಒಂದು ದಿನ ಸೂರ್ಯ ಎದ್ಮೇಲೆ ನಾನೇಳ್ಬೇಕು.”

ಬಾಗಿಲು ತೆರೆದ ಅತ್ತೆ ಸೊಸೆಯ ಕೈಚೀಲ ಇಸಿದುಕೊಳ್ಳುತ್ತಾರೆ. “ಏನಾಯ್ತೇ ಇವತ್ತು?”

“ಏನೂ ಆಗ್ಲಿಲ್ಲ, ಅತ್ತೆ.” ಇಡೀ ದಿನದಲ್ಲಿ ಬೀಗದಕ್ಕ ಹೆಮ್ಮೆಯಿಂದ ತಲೆಯೆತ್ತಿ ಆಡಿದ ಮಾತು ಇದೊಂದೇ.