ಜೆಪ್ಪಿಗೆ ನನಗಿಂತ ಮೊದಲು ಹೋದವನು

ಭೂತ, ಪ್ರೇತ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಅರ್ಚಕರ ಮನೆಯಲ್ಲಿ ಹುಟ್ಟಿ ಹೀಗೆ ಹೇಳುವುದಕ್ಕೆ ಧೈರ್ಯ ಬೇಕು. ಆಗ ನನಗದು ಧಾರಾಳವಾಗಿತ್ತು. ಈಗ ಯಾರಾದರೂ ಕೇಳಿದರೆ ಮಾತು ತಿರುಗಿಸುತ್ತೇನೆ.

ಬೇರೆಯವರ ಸರಕಿಗೆ ಗೋದಾಮು ಎಲ್ಲಿರಬೇಕು, ಅಲ್ಲಿಂದ ಯಾವ ಊರಿಗೆ ಯಾವ ದಾರಿಯಲ್ಲಿ ಲಾರಿ ಹೋಗಬೇಕು ಎಂದು ನಕ್ಷೆ ಮಾಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ, ಗಲ್ಫಿನಿಂದ ಖರ್ಜೂರ ತರಿಸುವ ಹಾಜಿಯವರೊಬ್ಬರು ನಮ್ಮ ಕಂಪನಿಗೆ ಕೆಲಸ ಕೊಡುವ ಮಾತಾಡಿದ್ದರು. ಅದು ಕೈತಪ್ಪಿದರೆ ಮೊದಲು ಮನೆಗೆ ಹೋಗುವವನು ನಾನೇ ಎಂದು ಮ್ಯಾನೇಜರು ಮುಲಾಜಿಲ್ಲದೆ ಹೇಳಿದ್ದರು.

ಸರಕು ಇಳಿಯುವುದು ಪಣಂಬೂರಿನ ಬಂದರಿನಲ್ಲಿ. ಗೋದಾಮು ಅಲ್ಲೇ ಆಸುಪಾಸಿನಲ್ಲಿರಬೇಕೆಂದು ಮಕ್ಕಳೂ ಹೇಳಿಯಾರು. ನಮ್ಮ ಸಾಫ್ಟ್‌ವೇರ್ ಮಾತ್ರ ಊರಿನ ಇನ್ನೊಂದು ತುದಿಯ ಜೆಪ್ಪಿನಲ್ಲಿ ಒಂದು ಓಣಿಯ ಮೇಲೆ ಚುಕ್ಕೆ ಇಟ್ಟಿತು. ಲಾರಿ ಹೋಗಬೇಕಾದ ಊರುಗಳಿಂದ ಕಾಸರಗೋಡನ್ನು ತೆಗೆದು ನೋಡಿದೆ, ಉಡುಪಿಯನ್ನು ಸೇರಿಸಿ ನೋಡಿದೆ. ಚುಕ್ಕೆ ಜಪ್ಪಯ್ಯ ಎಂದರೂ ಕದಲಲಿಲ್ಲ. ಸಿಟ್ಟು ಬಂದು, ಮಧ್ಯಾಹ್ನದ ಬಿಸಿಲಿನಲ್ಲೇ ಸ್ಕೂಟರ್ ಹತ್ತಿ ಹೋದೆ.

ಆ ಜಾಗದಲ್ಲಿ ಹಳೆಯ ಹಂಚಿನ ಶೆಡ್ಡು, ಪಕ್ಕದಲ್ಲೊಂದು ಮನೆ. ಗೇಟು ತೆರೆದವರು ಒಬ್ಬ ಬ್ಯಾರಿ ಮುಸ್ಲಿಂ ಅಜ್ಜಿ.

"ಎಂತ, ಇಷ್ಟು ತಡ? ಮೊನ್ನೆ ಹೋಗುವಾಗ ಬರ್ತೇನೆ ಅಂದ್ರಲ್ಲ, ಆಗಿಂದ ಕಾಯ್ತಾ ಇದ್ದೇನೆ."

ನಾನು ಇಲ್ಲಿಗೆ ಬಂದವನೇ ಅಲ್ಲ ಎಂದೆ.

"ತಮಾಷೆ ಬೇಡ. ಇದೇ ಮೀಸೆ, ಇದೇ ಕನ್ನಡಕ. ಗೋದಾಮಿಗೆ ಅಂತ ಶೆಡ್ಡು ಅಳೆದು ಹೋದದ್ದು ನೀವೇ. ನಮ್ಮ ಬ್ಯಾರಿ ಭಾಷೆ ಎಷ್ಟು ಚಂದ ಮಾತಾಡಿದ್ರಿ! ಇವತ್ತು ಎಂತಕ್ಕೆ ಕನ್ನಡ?"

ನನ್ನ ಮನೆಮಾತು ತುಳು. ಬ್ಯಾರಿಯಲ್ಲಿ ನನಗೆ ಬರುವುದು ಕೆಲವು ತಿಂಡಿಗಳ ಹೆಸರು ಮಾತ್ರ. ನಿಜಕ್ಕೂ ಹೆದರಿದೆ. ಹೊರಡುವಾಗ "ಬರ್ತೇನೆ" ಎನ್ನಲು ಬಾಯಿ ಬರದೆ "ಹೋಗ್ತೇನೆ" ಎಂದುಬಿಟ್ಟೆ. ಅಪಶಕುನದ ಮಾತಾಡಿದೆನೆಂದು ಅಜ್ಜಿ ಚೆನ್ನಾಗಿ ಬೈದರು.

ಮರುದಿನ ಚುಕ್ಕೆಯನ್ನು ಕೈಯಾರೆ ಪಣಂಬೂರಿಗೆ ಎಳೆದಿಟ್ಟು ಹಾಜಿಯವರಿಗೆ ನಕ್ಷೆ ತೋರಿಸಿದೆ. ಅವರು ಅದನ್ನು ಸರಿಯಾಗಿ ನೋಡಲೂ ಇಲ್ಲ.

"ಫೋನಲ್ಲಿ ಜೆಪ್ಪು ಅಂದಿರಿ, ಈಗ ಪಣಂಬೂರು. ಎಲ್ಲಿಯಾದ್ರೂ ಆಗ್ಲಿ ಮಾರಾಯ್ರೆ. ಅಷ್ಟು ಚಂದ ನಮ್ಮ ಬ್ಯಾರಿ ಮಾತಾಡಿದ್ರಲ್ಲ, ಆಗಲೇ ಕೆಲಸ ನಿಮಗೇ ಅಂತ ಗಟ್ಟಿ ಮಾಡಿದೆ."

ನಾನು ಅವರಿಗೆ ಫೋನು ಮಾಡಿದವನೇ ಅಲ್ಲ. ಆದರೆ ಮ್ಯಾನೇಜರು ನನ್ನ ಬೆನ್ನು ತಟ್ಟುತ್ತಿದ್ದರು, ಬಾಯಿ ಮುಚ್ಚಿಕೊಂಡೆ.

ಹಾಜಿಯವರು ಈಗಲೂ ಸಿಕ್ಕಾಗಲೆಲ್ಲ ಬ್ಯಾರಿಯಲ್ಲೇ ಮಾತು ಶುರು ಮಾಡುತ್ತಾರೆ. ನಾನು ಗಂಟಲು ನೋವೆಂದು ಸನ್ನೆ ಮಾಡುತ್ತೇನೆ. ಅವನು ಯಾರು, ನನ್ನ ಮುಖ ಅವನಿಗೆ ಹೇಗೆ ಬಂತು, ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ಅವನು ಎಂದಾದರೂ ಆಫೀಸಿನ ಬಾಗಿಲಿಗೆ ಬಂದು ನಿಂತರೆ ಎಂಬ ಭಯ ಮಾತ್ರ ಹೋಗಿಲ್ಲ. ಇಬ್ಬರಲ್ಲಿ ಯಾರನ್ನು ಇಟ್ಟುಕೊಳ್ಳಬೇಕೆಂದು ನಮ್ಮ ಮ್ಯಾನೇಜರು ಒಂದು ನಿಮಿಷವೂ ಯೋಚಿಸಲಾರರು.